ಮಾರ್ಕೆಟ್‌ಪ್ಲೇಸ್ ಆಫರ್ ಒಪ್ಪುವ ಮೊದಲು ಖಾತೆಯ ಅರ್ಹತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಮಂಗಳೂರಿನ ಸುಮಾರು ಮುನ್ನೂರು ಜನರ ಸಾಫ್ಟ್‌ವೇರ್ ಕಂಪನಿಯಲ್ಲಿ ಐಟಿ ಮತ್ತು ಖರೀದಿ ಎರಡನ್ನೂ ನೋಡಿಕೊಳ್ಳುತ್ತೇನೆ. ನಮ್ಮ ಮಾತೃಸಂಸ್ಥೆ ಅಮೆರಿಕದ ಡೆಲವೇರ್‌ನಲ್ಲಿ ನೋಂದಣಿಯಾಗಿದೆ. ಭದ್ರತಾ ತಂತ್ರಾಂಶ ಮಾರುವ ವಿದೇಶಿ ಕಂಪನಿಯೊಂದರ ಜೊತೆ ಹಲವು ವಾರ ಮಾತನಾಡಿ ಮೂರು ವರ್ಷಕ್ಕೆ ಒಳ್ಳೆಯ ದರ ಕುದುರಿಸಿದೆವು. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ತಂತ್ರಾಂಶ ಮಾರುಕಟ್ಟೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಪ್ರೈವೇಟ್ ಆಫರ್ (ನಮಗಷ್ಟೇ ಮೀಸಲಾದ ದರದ ಪ್ರಸ್ತಾಪ) ಕಳುಹಿಸಿದ್ದಾರೆ. ಕೊಂಡಿ ತೆರೆದರೆ ‘ಪುಟ ಸಿಗಲಿಲ್ಲ’ ಎಂದು ಬರುತ್ತದೆ. ಗಡುವು ಈ ತಿಂಗಳ 30. ಮುಂದಿನ ತಿಂಗಳು ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್ ಮೂಲಕ ಇನ್ನೊಂದು ಖರೀದಿ ಇದೆ. ದರದ ಮಾತು ಮುಗಿಯುವ ಮೊದಲೇ ನಮ್ಮ ಖಾತೆ ಅರ್ಹವೇ ಎಂದು ತಿಳಿದುಕೊಳ್ಳಲು ಏನು ಮಾಡಬೇಕು?

ಉತ್ತರ: ಕೊಂಡಿ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಪ್ರೈವೇಟ್ ಆಫರ್ ಬರೆಯುವುದು ನಿಮ್ಮ ಕಂಪನಿಯ ಹೆಸರಿಗಲ್ಲ, ಒಂದು ನಿರ್ದಿಷ್ಟ ಎಡಬ್ಲ್ಯೂಎಸ್ ಖಾತೆಯ 12 ಅಂಕಿಯ ಸಂಖ್ಯೆಗೆ. ಆ ಖಾತೆಗೆ ಲಾಗಿನ್ ಆಗಿ ಕೊಂಡಿ ತೆರೆದವರಿಗಷ್ಟೇ ದರ, ಅವಧಿ, ಷರತ್ತುಗಳು ಕಾಣುತ್ತವೆ. ಬೇರೆ ಖಾತೆಯಿಂದ ತೆರೆದರೆ, ಅದು ನಿಮ್ಮದೇ ಕಂಪನಿಯ ಇನ್ನೊಂದು ಖಾತೆಯಾಗಿದ್ದರೂ, ‘ಪುಟ ಸಿಗಲಿಲ್ಲ’ ಎಂಬ 404 ಸಂದೇಶವೇ ಗತಿ. ಗಡುವು ಮೀರಿದ ಆಫರ್‌ಗೂ ಹಾಗೆಯೇ ಆಗುತ್ತದೆ.

ಆದ್ದರಿಂದ ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ಎಡಬ್ಲ್ಯೂಎಸ್ ಕನ್ಸೋಲ್‌ನ (ಖಾತೆ ನಿರ್ವಹಿಸುವ ಜಾಲಪುಟದ) ಬಲ ಮೇಲ್ತುದಿಯಲ್ಲಿ ನಿಮ್ಮ ಹೆಸರಿನ ಮೇಲೆ ಒತ್ತಿದರೆ ಖಾತೆ ಸಂಖ್ಯೆ ಕಾಣುತ್ತದೆ. ಆಫರ್‌ನಲ್ಲಿ ಯಾವ ಸಂಖ್ಯೆ ಹಾಕಿದ್ದೀರಿ ಎಂದು ಮಾರಾಟಗಾರರನ್ನು ಬರವಣಿಗೆಯಲ್ಲಿ ಕೇಳಿ, ಎರಡನ್ನೂ ಅಂಕಿ ಅಂಕಿಯಾಗಿ ಹೋಲಿಸಿ. ಜೊತೆಗೆ ಮಾರ್ಕೆಟ್‌ಪ್ಲೇಸ್ ಕನ್ಸೋಲ್‌ನ ಎಡಬದಿಯ ಪಟ್ಟಿಯಲ್ಲಿ ‘ಪ್ರೈವೇಟ್ ಆಫರ್ಸ್’ ಎಂಬ ಪುಟವಿದೆ. ಆ ಖಾತೆಗೆ ಬಂದಿರುವ ಆಫರ್‌ಗಳು ಕೊಂಡಿಯ ಹಂಗಿಲ್ಲದೆ ಅಲ್ಲಿ ಕಾಣಿಸಿಕೊಳ್ಳುತ್ತವೆ. ಸರಿಯಾದ ಖಾತೆಯಲ್ಲಿದ್ದು, ನೋಡುವ ಅನುಮತಿಯೂ ಇದ್ದು, ಪಟ್ಟಿ ಖಾಲಿಯಾಗಿದ್ದರೆ ಆಫರ್ ಬೇರೆ ಸಂಖ್ಯೆಗೆ ಹೋಗಿದೆ ಎಂದೇ ತಿಳಿಯಿರಿ. ಅದನ್ನು ನೀವು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳುವಂತಿಲ್ಲ. ಮಾರಾಟಗಾರರು ಸರಿಯಾದ ಸಂಖ್ಯೆಗೆ ಹೊಸ ಆಫರ್ ಬರೆಯಬೇಕು. ತಿಂಗಳ ಕೊನೆಯಲ್ಲಿ ಅವರ ಕಡೆ ಒಪ್ಪಿಗೆಯ ಕಡತಗಳು ರಾಶಿ ಬಿದ್ದಿರುತ್ತವೆ, ಹಾಗಾಗಿ ನಾಳೆಗೆ ಬಿಡಬೇಡಿ. ಗಡುವಿನ ವಿಚಾರದಲ್ಲಿ ಇನ್ನೊಂದು ಮಾತು: ಆಫರ್ ಮುಗಿಯುವುದು ಆ ದಿನದ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ರಾತ್ರಿ 11:59ಕ್ಕೆ. ನಮ್ಮ ಗಡಿಯಾರದಲ್ಲಿ ಅದು ಮರುದಿನ ಬೆಳಗಿನ ಸುಮಾರು ಐದೂವರೆ. ಈ ಐದೂವರೆ ಗಂಟೆಯನ್ನು ಆಪತ್ಕಾಲದ ನಿಧಿಯಂತೆ ಇಟ್ಟುಕೊಳ್ಳಿ, ಯೋಜನೆಯಲ್ಲಿ ಸೇರಿಸಬೇಡಿ.

ಇನ್ನು ನಿಮ್ಮ ಪ್ರಶ್ನೆಯ ತಿರುಳು. ‘ನಮ್ಮ ಕಂಪನಿ ಅರ್ಹವೇ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅರ್ಹತೆ ಇರುವುದು, ಇಲ್ಲದಿರುವುದು ಖಾತೆಗೆ. ಅದಕ್ಕಾಗಿಯೇ ಯಾವ ಖಾತೆಯಲ್ಲಿ ಕೊಳ್ಳಬೇಕು ಎಂಬ ತೀರ್ಮಾನ ದರದ ಚೌಕಾಸಿಗಿಂತ ಮೊದಲು ಆಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಬಹಳ ಕಂಪನಿಗಳಲ್ಲಿ ನಡೆಯುವುದು ಇದರ ತಲೆಕೆಳಗು. ದರ ಮುಗಿದ ಮೇಲೆ ಮಾರಾಟಗಾರರು ಖಾತೆ ಸಂಖ್ಯೆ ಕೇಳುತ್ತಾರೆ, ಆ ಹೊತ್ತಿಗೆ ಲಾಗಿನ್ ಆಗಿದ್ದ ಎಂಜಿನಿಯರ್ ತನ್ನ ಪರೀಕ್ಷಾ ಖಾತೆಯ ಸಂಖ್ಯೆ ಕೊಟ್ಟುಬಿಡುತ್ತಾನೆ. ಕೆಲವರು ಸಂಖ್ಯೆ ಕೊಡಲು ಹಿಂಜರಿಯುವುದೂ ಉಂಟು. ಮಜ್ಜಿಗೆಗೆ ಹೋಗಿ ಗಡಿಗೆ ಬಚ್ಚಿಟ್ಟಂತೆ ಆಗುವುದು ಬೇಡ. ಖಾತೆ ಸಂಖ್ಯೆಯನ್ನು ಜವಾಬ್ದಾರಿಯಿಂದ ಹಂಚಿಕೊಳ್ಳಿ, ಆದರೆ ಅದು ಪಾಸ್‌ವರ್ಡಿನಂತಹ ರಹಸ್ಯವಲ್ಲ ಎಂದು ಎಡಬ್ಲ್ಯೂಎಸ್ ತನ್ನ ಕೈಪಿಡಿಯಲ್ಲೇ ಹೇಳಿದೆ.

ನಿಮ್ಮಂತಹ ಕಂಪನಿಗೆ ಎದುರಾಗುವ ದೊಡ್ಡ ತೊಡಕು ಭಾರತದ ಖಾತೆ ಮತ್ತು ಅಮೆರಿಕದ ಖಾತೆಯ ನಡುವಿನ ಗೋಡೆ. ಸಂಪರ್ಕ ಮತ್ತು ಬಿಲ್ಲಿನ ವಿಳಾಸ ಭಾರತದ್ದೆಂದು ಕೊಟ್ಟು ತೆರೆದ ಖಾತೆಯ ಕರಾರು ಎಡಬ್ಲ್ಯೂಎಸ್ ಇಂಡಿಯಾ ಪ್ರೈವೇಟ್ ಲಿಮಿಟೆಡ್ ಜೊತೆ ಇರುತ್ತದೆ. ಹಳೆಯ ಕಾಗದಪತ್ರಗಳಲ್ಲಿ ಇದೇ ಸಂಸ್ಥೆ ಅಮೆಜಾನ್ ಇಂಟರ್‌ನೆಟ್ ಸರ್ವಿಸಸ್ ಪ್ರೈವೇಟ್ ಲಿಮಿಟೆಡ್ ಎಂದು ಕಾಣುತ್ತದೆ. ಡೆಲವೇರ್ ಕಂಪನಿಯ ಹೆಸರಿನಲ್ಲಿ, ಅಮೆರಿಕದ ವಿಳಾಸ ಕೊಟ್ಟು ತೆರೆದ ಖಾತೆಯ ಕರಾರು ಅಮೆರಿಕದ ಅಮೆಜಾನ್ ವೆಬ್ ಸರ್ವಿಸಸ್ ಇನ್‌ಕಾರ್ಪೊರೇಟೆಡ್ ಜೊತೆ. ಈ ಎರಡು ಬಗೆಯ ಖಾತೆಗಳನ್ನು ಒಂದೇ ಆರ್ಗನೈಸೇಷನ್‌ನೊಳಗೆ (ಹಲವು ಖಾತೆಗಳನ್ನು ಒಟ್ಟು ಬಿಲ್ಲಿನಡಿ ತರುವ ಎಡಬ್ಲ್ಯೂಎಸ್ ಗುಂಪಿನೊಳಗೆ) ಸೇರಿಸುವಂತಿಲ್ಲ. ಅಂದರೆ ಬೆಂಗಳೂರು, ಮಂಗಳೂರಿನ ಎಷ್ಟೋ ನವೋದ್ಯಮಗಳಲ್ಲಿರುವಂತೆ ನಿಮ್ಮಲ್ಲಿಯೂ ಎರಡು ಬೇರೆ ಬೇರೆ ಆರ್ಗನೈಸೇಷನ್‌ಗಳು, ಎರಡು ಬೇರೆ ಬಿಲ್‌ಗಳು ಇರಬಹುದು. ಮಾರಾಟಗಾರರ ದಾಖಲೆಯಲ್ಲಿ ಮಾತ್ರ ನೀವು ಒಂದೇ ಗ್ರಾಹಕರು. ಅವರು ಮಾತೃಸಂಸ್ಥೆಯ ಹೆಸರು ನೋಡಿ ಅಮೆರಿಕದ ಸಂಖ್ಯೆಗೆ ಆಫರ್ ಬರೆದಿರುವುದು, ನೀವು ಭಾರತದ ಖಾತೆಯಿಂದ ತೆರೆಯುತ್ತಿರುವುದು, ನಿಮ್ಮ 404ಕ್ಕೆ ಇದೇ ಕಾರಣವಾಗಿರಬಹುದೆಂಬುದು ನನ್ನ ಅಂದಾಜು.

ಯಾವ ಕಡೆ ಕೊಳ್ಳುವುದು ಒಳ್ಳೆಯದು? ತಂತ್ರಾಂಶ ಬಳಸುವವರು ಯಾರು, ಹಣ ಕಟ್ಟುವವರು ಯಾರು, ಎಡಬ್ಲ್ಯೂಎಸ್ ಜೊತೆ ವಾರ್ಷಿಕ ಬಳಕೆಯ ಬದ್ಧತೆಯ ಒಪ್ಪಂದ (ವರ್ಷಕ್ಕೆ ಇಷ್ಟು ಹಣದ ಸೇವೆ ಬಳಸುತ್ತೇವೆಂದು ಕೊಟ್ಟ ಮಾತು) ಯಾರ ಹೆಸರಿನಲ್ಲಿದೆ, ಈ ಮೂರನ್ನು ನೋಡಿ. ಮೂರಕ್ಕೂ ಒಂದೇ ಉತ್ತರ ಬಂದರೆ ಅದೃಷ್ಟ. ಅಮೆರಿಕದ ಕಂಪನಿ ಕೊಂಡು ಮಂಗಳೂರಿನ ತಂಡ ಬಳಸಿದರೆ ವೆಚ್ಚವನ್ನು ಭಾರತದ ಕಂಪನಿಗೆ ಹಂಚಬೇಕಾಗುತ್ತದೆ. ಆಗ ಸೇವೆಯ ಆಮದಿನ ಮೇಲಿನ ಜಿಎಸ್‌ಟಿ, ಸಂಬಂಧಿತ ಕಂಪನಿಗಳ ನಡುವಿನ ವರ್ಗಾವಣೆ ಬೆಲೆಯ ದಾಖಲೆ ಎರಡೂ ಬೆನ್ನು ಹತ್ತುತ್ತವೆ. ಭಾರತದ ಖಾತೆಯಲ್ಲಿ ಕೊಳ್ಳುವುದಾದರೆ, ಆ ಉತ್ಪನ್ನ ಭಾರತದ ಖಾತೆಗಳಿಗೆ ಮಾರಾಟಕ್ಕಿದೆಯೇ ಎಂದು ಮೊದಲು ಕೇಳಿ. ಮಾರ್ಕೆಟ್‌ಪ್ಲೇಸ್‌ನಲ್ಲಿ ಯಾವ ದೇಶಗಳಿಗೆ ಮಾರಬೇಕು, ಯಾವುದಕ್ಕೆ ಬೇಡ ಎಂದು ನಿರ್ಧರಿಸುವ ಸೌಲಭ್ಯ ಮಾರಾಟಗಾರರಿಗಿದೆ. ಅವರ ಮಾರಾಟ ಪ್ರತಿನಿಧಿಗೆ ಇದು ಗೊತ್ತಿಲ್ಲದಿರುವುದು ಸಾಮಾನ್ಯ. ಮಾರ್ಕೆಟ್‌ಪ್ಲೇಸ್ ವ್ಯವಹಾರ ನೋಡಿಕೊಳ್ಳುವ ಅವರ ಸಿಬ್ಬಂದಿಯಿಂದಲೇ ಉತ್ತರ ಪಡೆಯಿರಿ.

ಆರ್ಗನೈಸೇಷನ್ ಗೊತ್ತಾದ ಮೇಲೆ ಅದರೊಳಗೆ ಯಾವ ಖಾತೆ ಎಂಬ ಪ್ರಶ್ನೆ ಉಳಿಯುತ್ತದೆ. ಎಲ್ಲ ಬಿಲ್‌ಗಳೂ ಬಂದು ಸೇರುವ ಮ್ಯಾನೇಜ್‌ಮೆಂಟ್ ಖಾತೆಯಲ್ಲಿ ಒಪ್ಪಬಹುದು, ಸದಸ್ಯ ಖಾತೆಯೊಂದರಲ್ಲೂ ಒಪ್ಪಬಹುದು. ಎರಡರಲ್ಲೂ ಹಣ ಕೊನೆಗೆ ಒಟ್ಟು ಬಿಲ್ಲಿಗೇ ಹೋಗುತ್ತದೆ. ನಿಮ್ಮದು ಮಾರಾಟಗಾರರ ಸರ್ವರ್‌ನಲ್ಲೇ ನಡೆಯುವ ಸೇವೆಯಾದರೆ ಒಂದು ಖಾತೆಯಲ್ಲಿ ಒಪ್ಪಿಗೆ ಸಾಕು. ನಿಮ್ಮದೇ ಸರ್ವರ್‌ಗಳ ಮೇಲೆ ಏರಿಸುವ ಇಮೇಜ್ (ತಂತ್ರಾಂಶದ ಸಿದ್ಧ ಪ್ರತಿ) ಆದರೆ ಮಾತು ಬೇರೆ. ಬಳಸುವ ಪ್ರತಿ ಖಾತೆಯ ಸಂಖ್ಯೆಯೂ ಆಫರ್‌ನಲ್ಲಿ ಇರಬೇಕೇ, ಅಥವಾ ಒಂದರಲ್ಲಿ ಒಪ್ಪಿ, ಪರವಾನಗಿ ಹಂಚುವ ಎಡಬ್ಲ್ಯೂಎಸ್ ಸಾಧನವಾದ ಲೈಸೆನ್ಸ್ ಮ್ಯಾನೇಜರ್ ಮೂಲಕ ಉಳಿದವಕ್ಕೆ ಹಂಚಬಹುದೇ ಎಂಬುದು ಆಫರ್ ಬರೆಯುವ ಮುಂಚೆಯೇ ತೀರ್ಮಾನವಾಗಲಿ. ಇಲ್ಲವಾದರೆ ಒಂದು ಖಾತೆಯಲ್ಲಿ ಕುದುರಿಸಿದ ದರ, ಪಕ್ಕದ ಖಾತೆಯಲ್ಲಿ ಎಲ್ಲರಿಗೂ ಇರುವ ಬಹಿರಂಗ ದರ, ಹೀಗೆ ಎರಡು ಬಗೆಯ ಬಿಲ್ ಬರುತ್ತದೆ.

ಅನುಮತಿಯ ವಿಷಯ ಈಗ. ಖಾತೆ ಸರಿಯಿದ್ದರೂ ಒಪ್ಪಿಗೆಯ ಗುಂಡಿ ಒತ್ತುವವರಿಗೆ ಅಧಿಕಾರ ಇರಬೇಕು. ‘ಮಾರ್ಕೆಟ್‌ಪ್ಲೇಸ್ ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್’ ಎಂಬ ಸಿದ್ಧ ಪಾಲಿಸಿ (ಅನುಮತಿಗಳ ಪಟ್ಟಿ) ಇದಕ್ಕೆಂದೇ ಇದೆ. ಅದನ್ನು ಖರೀದಿಯ ಜವಾಬ್ದಾರಿ ಇರುವವರಿಗೆ ಕೊಡಿ, ಖಾತೆಯ ಸರ್ವಾಧಿಕಾರವಿರುವ ರೂಟ್ ಲಾಗಿನ್ ಬಳಸಿ ಒಪ್ಪುವ ಅಭ್ಯಾಸ ಬೇಡವೇ ಬೇಡ. ಸಿದ್ಧ ಪಾಲಿಸಿ ಇದ್ದೂ ತಡೆ ಬೀಳುವ ಎರಡು ಜಾಗಗಳಿವೆ. ಒಂದು, ಆರ್ಗನೈಸೇಷನ್ ಮಟ್ಟದ ಸರ್ವಿಸ್ ಕಂಟ್ರೋಲ್ ಪಾಲಿಸಿ. ಮಾರ್ಕೆಟ್‌ಪ್ಲೇಸ್ ಖರೀದಿಯನ್ನು ಅಲ್ಲಿ ನಿಷೇಧಿಸಿದ್ದರೆ ಸದಸ್ಯ ಖಾತೆಯ ಆಡಳಿತಾಧಿಕಾರಿಗೂ ಅದನ್ನು ದಾಟಲು ಆಗುವುದಿಲ್ಲ. ಈ ಪಾಲಿಸಿ ಮ್ಯಾನೇಜ್‌ಮೆಂಟ್ ಖಾತೆಯನ್ನು ಮಾತ್ರ ಬಾಧಿಸುವುದಿಲ್ಲ. ಮ್ಯಾನೇಜ್‌ಮೆಂಟ್ ಖಾತೆಯಲ್ಲಿ ಪರೀಕ್ಷಿಸಿ ‘ಎಲ್ಲ ಸರಿಯಿದೆ’ ಎಂದವರು ಸದಸ್ಯ ಖಾತೆಯಲ್ಲಿ ಎಡವುವುದು ಇಲ್ಲೇ. ಇನ್ನೊಂದು, ಪ್ರೈವೇಟ್ ಮಾರ್ಕೆಟ್‌ಪ್ಲೇಸ್. ಅನುಮೋದಿತ ಉತ್ಪನ್ನಗಳನ್ನಷ್ಟೇ ಕೊಳ್ಳಬಹುದೆಂದು ನಿಮ್ಮ ಭದ್ರತಾ ತಂಡ ಇದನ್ನು ಹಾಕಿಟ್ಟಿದ್ದರೆ, ಕೊಳ್ಳಲಿರುವ ಉತ್ಪನ್ನವನ್ನು ಪಟ್ಟಿಗೆ ಸೇರಿಸಿಸಿಕೊಳ್ಳಬೇಕು. ಹೆಸರು ಒಂದೇ ಬಗೆಯದಾದರೂ ಇದಕ್ಕೂ ಪ್ರೈವೇಟ್ ಆಫರ್‌ಗೂ ಸಂಬಂಧವಿಲ್ಲ. ಮೊದಲನೆಯದು ನಿಮ್ಮ ಮನೆಯೊಳಗಿನ ನಿಯಮ, ಎರಡನೆಯದು ಮಾರಾಟಗಾರರು ಕೊಟ್ಟ ದರ.

ಇವನ್ನೆಲ್ಲ ಒಂದೇ ಏಟಿಗೆ ಪರೀಕ್ಷಿಸುವ ಸುಲಭ ದಾರಿಯಿದೆ. ಆಫರ್ ಒಪ್ಪಲಿರುವ ವ್ಯಕ್ತಿಯೇ, ಅದೇ ಖಾತೆಯಲ್ಲಿ, ಅದೇ ಲಾಗಿನ್‌ನಿಂದ ಮಾರ್ಕೆಟ್‌ಪ್ಲೇಸ್‌ನ ಯಾವುದಾದರೂ ಉಚಿತ ಉತ್ಪನ್ನಕ್ಕೆ ಚಂದಾದಾರರಾಗಲಿ. ಸರ್ವರ್ ಚಾಲೂ ಮಾಡದಿದ್ದರೆ ಖರ್ಚಿಲ್ಲ, ಆಮೇಲೆ ರದ್ದು ಮಾಡಬಹುದು. ಪ್ರೈವೇಟ್ ಮಾರ್ಕೆಟ್‌ಪ್ಲೇಸ್ ಇದ್ದರೆ ಅನುಮೋದಿತ ಪಟ್ಟಿಯೊಳಗಿನದ್ದನ್ನೇ ಆರಿಸಿಕೊಳ್ಳಿ. ಚಂದಾ ಯಶಸ್ವಿಯಾದರೆ ಅನುಮತಿಯ ಕಡೆ ಅಡ್ಡಿಯಿಲ್ಲ ಎಂದು ಅರ್ಥ. ಅದೇ ಹೊತ್ತಿನಲ್ಲಿ ನಿಮ್ಮ ಭದ್ರತಾ ತಂತ್ರಾಂಶದ ಬಹಿರಂಗ ಪುಟವನ್ನೂ ಆ ಖಾತೆಯಿಂದ ತೆರೆದು, ಖರೀದಿಯ ಆಯ್ಕೆ ತೆರೆದುಕೊಳ್ಳುತ್ತದೆಯೇ ನೋಡಿ. ಕೊಳ್ಳಬೇಡಿ, ನೋಡಿದರೆ ಸಾಕು.

ಆ ಪುಟ ನೋಡುವಾಗ ಇನ್ನೊಂದನ್ನು ಗಮನಿಸಿ: ಅದೇ ಉತ್ಪನ್ನಕ್ಕೆ ಹಳೆಯ ಚಂದಾ ಈಗಾಗಲೇ ಇದೆಯೇ? ಪ್ರಯೋಗಕ್ಕೆಂದು ಯಾರೋ ಎಂಜಿನಿಯರ್ ಬಹಿರಂಗ ದರದಲ್ಲಿ ಒಂದು ವರ್ಷಕ್ಕೆ ತೆಗೆದುಕೊಂಡು, ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಹಾಗೇ ಬಿಟ್ಟಿರುತ್ತಾರೆ. ಇದ್ದರೆ ಮಾರಾಟಗಾರರಿಗೆ ಮೊದಲೇ ಹೇಳಿ. ಹಳೆಯ ಕರಾರನ್ನು ಬದಲಿಸುವ ಆಫರ್ ಬರೆಯಬೇಕೋ, ಹೊಸದನ್ನೇ ಬರೆಯಬೇಕೋ ಎಂಬುದು ಅವರಿಗೆ ತಿಳಿದಿರಬೇಕು.

ಹಣ ಪಾವತಿಯ ವಿಚಾರದಲ್ಲಿ ಭಾರತದ ಖಾತೆಗಳಿಗೆ ವಿಶೇಷ ಎಚ್ಚರ ಬೇಕು. ಖಾತೆಯ ಪಾವತಿ ವಿಧಾನ ಕ್ರೆಡಿಟ್ ಕಾರ್ಡ್ ಆಗಿದ್ದರೆ ಮೂರು ವರ್ಷದ ಒಪ್ಪಂದದ ಮೊತ್ತವನ್ನು ಅದು ಹೊರುವುದು ಕಷ್ಟ. ಮಿತಿ ಇದ್ದರೂ, ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಬಿಗಿಗೊಳಿಸಿದ ಇ-ಮ್ಯಾಂಡೇಟ್ ನಿಯಮ ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗೆ ಅಡ್ಡ ನಿಂತಿದೆ. ಒಟಿಪಿ ಇಲ್ಲದೆ ಕಡಿತವಾಗಬಹುದಾದ ಮೊತ್ತ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಲಕ್ಷಗಳ ಕಂತು ಇದರೊಳಗೆ ಬರುವುದಿಲ್ಲ. ಇನ್‌ವಾಯ್ಸ್ ಪಡೆದು ಬ್ಯಾಂಕ್ ಮೂಲಕ ಪಾವತಿಸುವ ವ್ಯವಸ್ಥೆಗೆ ಖಾತೆಯನ್ನು ಬದಲಿಸಿಕೊಳ್ಳಲು ಎಡಬ್ಲ್ಯೂಎಸ್‌ನ ನಿಮ್ಮ ಖಾತೆ ವ್ಯವಸ್ಥಾಪಕರ ಜೊತೆ ಮೊದಲೇ ಮಾತನಾಡಿ, ಅದು ಒಂದೇ ದಿನದಲ್ಲಿ ಆಗುವ ಕೆಲಸವೆಂದು ಎಣಿಸಬೇಡಿ. ನವೋದ್ಯಮಗಳಿಗೆ ಸಿಗುವ ಉಚಿತ ಕ್ರೆಡಿಟ್‌ಗಳಿಂದ ಇದನ್ನು ತೀರಿಸಬಹುದೆಂಬ ಆಸೆಯೂ ಬೇಡ. ಸಾಮಾನ್ಯವಾಗಿ ಆ ಕ್ರೆಡಿಟ್‌ಗಳ ಷರತ್ತಿನಲ್ಲಿ ಮಾರ್ಕೆಟ್‌ಪ್ಲೇಸ್ ಖರೀದಿಯನ್ನು ಹೊರಗಿಟ್ಟಿರುತ್ತಾರೆ. ನಿಮ್ಮ ಲೆಕ್ಕ ವಿಭಾಗಕ್ಕೆ ಪಿಒ (ಖರೀದಿ ಆದೇಶ) ಸಂಖ್ಯೆ ಇನ್‌ವಾಯ್ಸ್ ಮೇಲೆ ಬರಲೇಬೇಕು ಎಂದಿದ್ದರೆ, ಒಪ್ಪಿಗೆಯ ಪುಟದಲ್ಲೇ ಅದನ್ನು ನಮೂದಿಸುವ ಜಾಗವಿದೆ. ಪಿಒ ಸಿದ್ಧವಿಲ್ಲದೆ ಆ ಪುಟಕ್ಕೆ ಹೋಗಬೇಡಿ.

ತೆರಿಗೆಯದು ಚಿಕ್ಕ ಮಾತಲ್ಲ. ಖಾತೆಯ ಟ್ಯಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇದೆಯೇ, ಅದು ಕರ್ನಾಟಕದ 29ರಿಂದ ಶುರುವಾಗುವ, ಈಗ ಚಾಲ್ತಿಯಲ್ಲಿರುವ ಸಂಖ್ಯೆಯೇ, ಕಂಪನಿಯ ಹೆಸರು ನೋಂದಣಿ ಪತ್ರದಲ್ಲಿರುವಂತೆಯೇ ಇದೆಯೇ ಎಂದು ಆಫರ್ ಒಪ್ಪುವ ಮುಂಚೆ ನೋಡಿ. ಸದಸ್ಯ ಖಾತೆಯಲ್ಲಿ ಕೊಳ್ಳುವುದಾದರೆ ಆ ಸದಸ್ಯ ಖಾತೆಯ ತೆರಿಗೆ ವಿವರವನ್ನೂ ಬೇರೆಯಾಗಿ ಪರಿಶೀಲಿಸಿ. ಆಮೇಲೆ ಇನ್‌ವಾಯ್ಸ್ ಮೇಲೆ ಮಾರಾಟಗಾರರೆಂದು ಬರುವ ಸಂಸ್ಥೆ ಯಾವ ದೇಶದ್ದು ಎಂದು ಕೇಳಿ. ವಿದೇಶಿ ಸಂಸ್ಥೆಯಾದರೆ ಅದು ಸೇವೆಯ ಆಮದು. 18 ಪ್ರತಿಶತ ಐಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ (ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟುವ ಪದ್ಧತಿ) ಅಡಿ ನೀವೇ ಕಟ್ಟಬೇಕು, ಅದೂ ಜಿಎಸ್‌ಟಿಯ ನಗದು ಖಾತೆಯಿಂದ. ಒಪ್ಪಂದದ ಮೊತ್ತ 30 ಲಕ್ಷ ರೂಪಾಯಿ, ಪೂರ್ತಿ ಮುಂಗಡ ಎಂದುಕೊಳ್ಳಿ. 5.40 ಲಕ್ಷ ನಗದಾಗಿ ಕಟ್ಟಿ, ಆಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ (ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ) ಪಡೆಯುತ್ತೀರಿ. ಲೆಕ್ಕ ವಿಭಾಗಕ್ಕೆ ಮೊದಲೇ ತಿಳಿದಿದ್ದರೆ ಇದು ತಲೆನೋವಲ್ಲ. ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆಯೇ ಇಲ್ಲದಿದ್ದರೆ ನಿಮ್ಮನ್ನು ನೋಂದಣಿಯಿಲ್ಲದ ಗ್ರಾಹಕರೆಂದು ಭಾವಿಸಿ ತೆರಿಗೆ ಸೇರಿಸಿದ ಬಿಲ್ ಬರುತ್ತದೆ, ಆ ಹಣವನ್ನು ಕ್ರೆಡಿಟ್ ಆಗಿ ಪಡೆಯುವುದು ಬಲು ಕಷ್ಟ.

ವಿದೇಶಿ ಸಂಸ್ಥೆಗೆ ಪಾವತಿಸುವಾಗ ಮೂಲದಲ್ಲೇ ಆದಾಯ ತೆರಿಗೆ ಕಡಿಯಬೇಕೇ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರು ಹೇಳಬೇಕು. ಸಿದ್ಧ ತಂತ್ರಾಂಶದ ಪರವಾನಗಿಗೆ ಕೊಡುವ ಹಣ ರಾಯಧನವಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಆದರೆ ನಿಮ್ಮದು ಪರವಾನಗಿಯೋ, ಚಂದಾ ಸೇವೆಯೋ, ಜೊತೆಗೆ ಅಳವಡಿಕೆಯ ಕೆಲಸವೂ ಸೇರಿದೆಯೋ ಎಂಬುದು ಒಪ್ಪಂದದ ಕರಡು ಓದಿದ ಮೇಲೆ ಗೊತ್ತಾಗುವ ಸಂಗತಿ. ಕರಡನ್ನೇ ಅವರ ಕೈಗೆ ಕೊಡಿ.

ಬಳಕೆಯ ಬದ್ಧತೆಗೆ ಈ ಖರೀದಿ ಲೆಕ್ಕವಾಗುತ್ತದೆ ಎಂಬ ಕಾರಣಕ್ಕೇ ಹಲವರು ಮಾರ್ಕೆಟ್‌ಪ್ಲೇಸ್‌ಗೆ ಬರುತ್ತಾರೆ. ಎಡಬ್ಲ್ಯೂಎಸ್‌ನ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಬದ್ಧತೆಯ 25 ಪ್ರತಿಶತದವರೆಗೆ ಮಾತ್ರ ಮಾರ್ಕೆಟ್‌ಪ್ಲೇಸ್ ಖರೀದಿಯಿಂದ ತುಂಬಿಸಬಹುದು. 2025ರ ಮೇ 1ರಿಂದ ಇನ್ನೊಂದು ಷರತ್ತು ಸೇರಿದೆ: ಸೇವಾ ರೂಪದ ತಂತ್ರಾಂಶ ಪೂರ್ತಿಯಾಗಿ ಎಡಬ್ಲ್ಯೂಎಸ್ ಮೇಲೆಯೇ ನಡೆಯುತ್ತಿರಬೇಕು. ಉತ್ಪನ್ನದ ಪುಟದಲ್ಲಿ ‘ಡಿಪ್ಲಾಯ್ಡ್ ಆನ್ ಎಡಬ್ಲ್ಯೂಎಸ್’ ಎಂಬ ಗುರುತು ಇದೆಯೇ ನೋಡಿ. ಬದ್ಧತೆ ಇರುವುದು ಅಮೆರಿಕದ ಕಂಪನಿಯ ಹೆಸರಿನಲ್ಲಿ, ಖರೀದಿ ಆಗುವುದು ಭಾರತದ ಖಾತೆಯಲ್ಲಿ ಎಂದಾದರೆ ಅದು ಲೆಕ್ಕಕ್ಕೆ ಬರುತ್ತದೆಂದು ಭಾವಿಸಿ ಸಹಿ ಮಾಡಬೇಡಿ. ಎಡಬ್ಲ್ಯೂಎಸ್‌ನಿಂದ ಲಿಖಿತ ಉತ್ತರ ಪಡೆಯಿರಿ.

ಅಜೂರ್‌ಗೆ ಬರೋಣ. ಅಲ್ಲಿ ಪ್ರೈವೇಟ್ ಆಫರ್ ಬರೆಯುವುದು ಬಿಲ್ಲಿಂಗ್ ಖಾತೆಗೆ. ಮಾರಾಟಗಾರರು ಕೇಳಿದಾಗ ಟೆನೆಂಟ್ ಐಡಿ (ಕಂಪನಿಯ ಲಾಗಿನ್ ವ್ಯವಸ್ಥೆಯ ಗುರುತು) ಕೊಟ್ಟುಬಿಡುವುದು ಅಲ್ಲಿನ ಮಾಮೂಲಿ ತಪ್ಪು. ‘ಕಾಸ್ಟ್ ಮ್ಯಾನೇಜ್‌ಮೆಂಟ್ ಪ್ಲಸ್ ಬಿಲ್ಲಿಂಗ್’ ವಿಭಾಗದ ‘ಪ್ರಾಪರ್ಟೀಸ್’ ಪುಟದಲ್ಲಿ ಬಿಲ್ಲಿಂಗ್ ಖಾತೆಯ ಗುರುತು ಸಂಖ್ಯೆ, ಖಾತೆಯ ಬಗೆ ಎರಡೂ ಇವೆ. ಬಗೆ ಮುಖ್ಯ. ಮೈಕ್ರೋಸಾಫ್ಟ್ ಜೊತೆಗಿನ ಒಪ್ಪಂದಗಳಾದ ಎಂಟರ್‌ಪ್ರೈಸ್ ಅಗ್ರಿಮೆಂಟ್ ಅಥವಾ ಮೈಕ್ರೋಸಾಫ್ಟ್ ಕಸ್ಟಮರ್ ಅಗ್ರಿಮೆಂಟ್ ಆಗಿದ್ದರೆ ದಾರಿ ಸುಗಮ. ಸ್ಥಳೀಯ ಪಾಲುದಾರ ಕಂಪನಿಯ ಮೂಲಕ ಅಜೂರ್ ಕೊಳ್ಳುತ್ತಿದ್ದರೆ ಆಫರ್ ನೇರವಾಗಿ ನಿಮ್ಮ ಕೈಗೆ ಬರುವುದಿಲ್ಲ, ಆ ಪಾಲುದಾರರ ಮೂಲಕವೇ ಬರಬೇಕು. ಕರ್ನಾಟಕದ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಪಾಲುದಾರರ ಮೂಲಕ ಕೊಳ್ಳುವವರು ಬಹಳ, ಆದ್ದರಿಂದ ಮೊದಲ ಮಾತುಕತೆಯಲ್ಲೇ ಇದನ್ನು ತಿಳಿಸಿ.

ಅಜೂರ್‌ನಲ್ಲಿ ಒಪ್ಪಿಗೆ ಬೇರೆ, ಖರೀದಿ ಬೇರೆ. ಎಂಟರ್‌ಪ್ರೈಸ್ ಅಗ್ರಿಮೆಂಟ್‌ನಲ್ಲಾದರೆ ಎಂಟರ್‌ಪ್ರೈಸ್ ಅಡ್ಮಿನಿಸ್ಟ್ರೇಟರ್, ಕಸ್ಟಮರ್ ಅಗ್ರಿಮೆಂಟ್‌ನಲ್ಲಾದರೆ ಬಿಲ್ಲಿಂಗ್ ಖಾತೆಯ ಓನರ್ ಅಥವಾ ಕಾಂಟ್ರಿಬ್ಯೂಟರ್ ಆಫರ್ ಒಪ್ಪಬೇಕು. ಆಮೇಲೆ ಅದೇ ಬಿಲ್ಲಿಂಗ್ ಖಾತೆಯಡಿಯ ಸಬ್‌ಸ್ಕ್ರಿಪ್ಷನ್ (ಬಳಕೆ ಮತ್ತು ವೆಚ್ಚ ದಾಖಲಾಗುವ ಉಪಖಾತೆ) ಒಂದರಲ್ಲಿ ಓನರ್ ಅಥವಾ ಕಾಂಟ್ರಿಬ್ಯೂಟರ್ ಆಗಿರುವವರು ಕೊಳ್ಳಬೇಕು. ಹಣಕಾಸು ಮುಖ್ಯಸ್ಥರು ಒಪ್ಪಿದರು, ಕೆಲಸ ಮುಗಿಯಿತು ಎಂದು ಸುಮ್ಮನಾದವರಿಗೆ ತಂತ್ರಾಂಶ ಚಾಲೂ ಆಗಿರುವುದಿಲ್ಲ. ಕೊಳ್ಳುವ ಸಬ್‌ಸ್ಕ್ರಿಪ್ಷನ್ ಉಚಿತ ಪ್ರಯೋಗದ್ದೋ ಕ್ರೆಡಿಟ್ ಮೇಲೆ ನಡೆಯುವಂಥದ್ದೋ ಆಗಿರಬಾರದು, ಅಂಥವುಗಳಲ್ಲಿ ಹೊರಗಿನ ಕಂಪನಿಗಳ ಹಣದ ಉತ್ಪನ್ನ ಕೊಳ್ಳಲಾಗದು. ಬಿಲ್ಲಿಂಗ್ ಖಾತೆಯ ‘ಪಾಲಿಸೀಸ್’ ಪುಟದಲ್ಲಿ ಮಾರ್ಕೆಟ್‌ಪ್ಲೇಸ್ ಖರೀದಿಗೆ ಅವಕಾಶ ಇದೆಯೇ, ಉಚಿತ ಉತ್ಪನ್ನಗಳಿಗಷ್ಟೇ ಸೀಮಿತವಾಗಿದೆಯೇ ಎಂಬುದನ್ನೂ ನೋಡಿ. ಉಚಿತ ಉತ್ಪನ್ನ ಕೊಂಡು ಪರೀಕ್ಷಿಸುವ ಉಪಾಯ ಇಲ್ಲಿ ಪೂರ್ತಿ ಭರವಸೆ ಕೊಡದಿರುವುದು ಇದೇ ಕಾರಣಕ್ಕೆ. ಬಿಲ್ಲಿಂಗ್ ಖಾತೆಯ ದೇಶ ಮಾರಾಟಗಾರರ ಪಟ್ಟಿಯಲ್ಲಿರಬೇಕು ಎಂಬ ಮಾತು ಇಲ್ಲಿಗೂ ಅನ್ವಯ. ಅಜೂರ್ ಬಳಕೆಯ ಬದ್ಧತೆಗೆ ಲೆಕ್ಕ ಸೇರಬೇಕಾದರೆ ಉತ್ಪನ್ನದ ಮೇಲೆ ‘ಅಜೂರ್ ಬೆನಿಫಿಟ್ ಎಲಿಜಿಬಲ್’ ಗುರುತಿರಬೇಕು, ಖರೀದಿ ಅಜೂರ್ ಪೋರ್ಟಲ್‌ನಲ್ಲೇ ಆಗಬೇಕು.

ಈಗಿನ ಆಫರ್ ಹೊಸ ಸಂಖ್ಯೆಗೆ ಬಂದು, ನೀವು ಒಪ್ಪಿದ ಕೂಡಲೇ ‘ಸೆಟ್ ಅಪ್ ಯುವರ್ ಅಕೌಂಟ್’ ಎಂಬ ಗುಂಡಿ ಕಾಣುತ್ತದೆ. ಅದನ್ನು ಒತ್ತಿ ಮಾರಾಟಗಾರರ ತಾಣದಲ್ಲಿ ನೋಂದಣಿ ಮುಗಿಸುವವರೆಗೆ ಯಾರು ಕೊಂಡರೆಂಬುದು ಅವರ ವ್ಯವಸ್ಥೆಗೆ ತಿಳಿಯುವುದಿಲ್ಲ, ಬಿಲ್ ಮಾತ್ರ ಶುರುವಾಗಿರುತ್ತದೆ. ಆ ನೋಂದಣಿಗೆ ಒಬ್ಬರ ಸ್ವಂತ ಇಮೇಲ್ ಬದಲು ತಂಡದ ಸಾಮಾನ್ಯ ಇಮೇಲ್ ವಿಳಾಸವನ್ನು ಕೊಡಿ. ಮೂರು ವರ್ಷದ ನಂತರ ನವೀಕರಣದ ಪತ್ರ ಬಂದಾಗ ಆ ವ್ಯಕ್ತಿ ನಿಮ್ಮ ಕಂಪನಿಯಲ್ಲಿ ಇಲ್ಲದಿರಬಹುದು.